ಎಂಬತ್ತೇಳರಿಂದ ಶುರುವಾಗುವ ಪ್ರಬಂಧ

ನಮ್ಮ ವಿಶ್ವವಿದ್ಯಾಲಯದಲ್ಲಿ ಯಾರೇ ಪ್ರಬಂಧ ಬರೆದರೂ ಅದು ಪಂಡಿತರ ಕೈ ಸೇರುವ ಮುಂಚೆ ನನ್ನ ಮೇಜು ದಾಟಬೇಕು. ಒಳಗಿರುವ ವಿಚಾರ ಸರಿಯೋ ತಪ್ಪೋ, ಅದು ನನಗೆ ಸಂಬಂಧವಿಲ್ಲ. ಎಡಗಡೆ ಅಂಚು ಮೂರು ಸೆಂಟಿಮೀಟರ್ ಇದೆಯೇ, ಅಕ್ಷರ ಹದಿನಾಲ್ಕರ ಗಾತ್ರದಲ್ಲಿದೆಯೇ, ಸಾಲುಗಳ ನಡುವೆ ಒಂದೂವರೆ ಅಂತರ ಇದೆಯೇ ಎಂದು ನೋಡುವುದು ನನ್ನ ಕೆಲಸ. ಎಲ್ಲಕ್ಕಿಂತ ಮುಖ್ಯವಾದದ್ದು ಪುಟಸಂಖ್ಯೆ. ಮುಖಪುಟ ಒಂದನೆಯದು, ಆದರೆ ಅದರ ಮೇಲೆ ಸಂಖ್ಯೆ ಕಾಣಬಾರದು. ಪರಿವಿಡಿ ಎರಡನೆಯದು, ಅಲ್ಲೂ ಕಾಣಬಾರದು. ಪೀಠಿಕೆಯ ಮೊದಲ ಹಾಳೆಯಲ್ಲಿ ಮೂರು ಎಂದು ಕಾಣಿಸಬೇಕು. ಈ ಮೂರಕ್ಕಾಗಿ ನಾನು ಇಪ್ಪತ್ತಾರು ವರ್ಷ ಜನರನ್ನು ಅಳುವಂತೆ ಮಾಡಿದ್ದೇನೆ. ಬೆನ್ನ ಹಿಂದೆ ನನ್ನನ್ನು ‘ಪುಟದ ಪೊಲೀಸಮ್ಮ’ ಎನ್ನುತ್ತಾರೆ. ಎದುರಿಗೆ ಮಾತ್ರ ಝೋಯಾ ಮಾರ್ಕಿವ್ನಾ.

ಲೀದಿಯಾ ಪಾವ್ಲಿವ್ನಾ ನನ್ನ ಕೋಣೆಗೆ ಮೊದಲ ಸಲ ಬಂದದ್ದು ಎರಡು ಸಾವಿರದ ಹದಿನಾರರ ಅಕ್ಟೋಬರಿನಲ್ಲಿ. ಯುದ್ಧ ಶುರುವಾದ ಮೇಲೆ ದೇಶದ ಪೂರ್ವದ ಗಣಿ ಊರುಗಳಿಂದ ಬಂದ ಅಧ್ಯಾಪಕರಿಗೆ ನಮ್ಮ ಕಟ್ಟಡದ ಮೂರನೆಯ ಮಹಡಿ ಕೊಟ್ಟಿದ್ದರು. ಅವರಲ್ಲಿ ಒಬ್ಬಳು ಈಕೆ. ನಲವತ್ತಾರು ವಯಸ್ಸು, ಎತ್ತರದ ಹೆಂಗಸು, ಕುತ್ತಿಗೆಗೆ ಸದಾ ಒಂದೇ ಬೂದು ಶಾಲು. ಗಣಿಗಳ ನೀರು ಸುತ್ತಲ ಹಳ್ಳಿಗಳ ಬಾವಿಗೆ ಹೇಗೆ ಇಳಿಯುತ್ತದೆ ಎಂಬುದು ಆಕೆಯ ಪ್ರಬಂಧದ ವಿಷಯ. ಹನ್ನೊಂದು ವರ್ಷಗಳ ಕೆಲಸವಂತೆ.

ಪೆನ್ ಡ್ರೈವ್ ಹಾಕಿ ಫೈಲ್ ತೆರೆದೆ. ಮೊದಲ ಹಾಳೆಯ ಮೇಲೆ ಎಂಬತ್ತೇಳು ಎಂದಿತ್ತು.

“ಇದೇನ್ರೀ ಇದು? ಮೊದಲ್ನೇ ಹಾಳೇನೇ ಎಂಬತ್ತೇಳಾ?”

“ಇದು ಎರಡನೇ ಭಾಗ” ಎಂದಳು.

“ಎಷ್ಟನೇ ಭಾಗವಾದ್ರೂ ಆಗ್ಲಿ. ಯಾರೋ ಕೈಯಾಡ್ಸಿ ‘ಇಲ್ಲಿಂದ ಶುರು ಮಾಡು’ ಅನ್ನೋ ಕಡೆ ಎಂಬತ್ತೇಳು ಅಂತ ಹಾಕಿದಾರೆ. ಒಂದು ನಿಮಿಷ, ತೆಗೆದ್‌ಬಿಡ್ತೀನಿ.”

ನಾನು ಮೌಸ್ ಹಿಡಿಯುವಷ್ಟರಲ್ಲಿ ಆಕೆ ನನ್ನ ಕೈಯ ಮೇಲೆ ಕೈ ಇಟ್ಟಳು. ಕೈ ತಣ್ಣಗಿತ್ತು. “ಬೇಡ, ಝೋಯಾ ಮಾರ್ಕಿವ್ನಾ. ಆ ಸಂಖ್ಯೆ ಮುಟ್ಬೇಡಿ. ನಾನೇ ಹಾಕಿದ್ದು.”

ಆಮೇಲೆ ಕುಳಿತು ಹೇಳಿದಳು. ಮನೆಯ ಹಳೆಯ ಕಂಪ್ಯೂಟರು ನಕ್ಷೆಗಳ ಭಾರಕ್ಕೆ ಏದುಸಿರು ಬಿಡುತ್ತಿತ್ತಂತೆ. ಅದಕ್ಕೆ ಪ್ರಬಂಧವನ್ನು ಎರಡು ತುಂಡು ಮಾಡಿ, ಎರಡನೆಯದನ್ನು ಎಂಬತ್ತೇಳರಿಂದ ಶುರು ಮಾಡಿದ್ದಳು. ಹದಿನಾಲ್ಕರ ಬೇಸಿಗೆಯಲ್ಲಿ ಶೆಲ್‌ಗಳು ಪಕ್ಕದ ಬೀದಿಗೆ ಬೀಳಲು ಶುರುವಾದಾಗ, ಎರಡು ವಾರಕ್ಕೆಂದು ಒಂದು ಚೀಲ ಹಿಡಿದು ಬಸ್ಸು ಹತ್ತಿದಳು. ಚೀಲದಲ್ಲಿದ್ದ ಪೆನ್ ಡ್ರೈವ್‌ನಲ್ಲಿ, ಆಗ ಕೆಲಸ ನಡೆಯುತ್ತಿದ್ದ ಎರಡನೆಯ ಭಾಗ ಮಾತ್ರ ಇತ್ತು. ಕಾಲೇಜಿನ ಕಂಪ್ಯೂಟರುಗಳು ಏನಾದವೋ ಯಾರಿಗೂ ತಿಳಿಯದು. ಮೊದಲ ಎಂಬತ್ತಾರು ಪುಟ ಇದ್ದದ್ದು ಮನೆಯಲ್ಲಿ, ಗಂಡನ ಹತ್ತಿರ.

“ಗಂಡ ಬರ್ಲಿಲ್ವಾ?”

“ಮಕಾರ್ ಗಣಿಯ ಪಂಪ್ ನೋಡ್ಕೊಳ್ಳೋನು. ನೀರು ಮೇಲಕ್ಕೆ ಎತ್ತೋ ಪಂಪ್. ಅದು ನಿಂತ್ರೆ ಗಣಿ ತುಂಬುತ್ತೆ, ಗಣಿ ತುಂಬಿದ್ರೆ ಸುತ್ತಲ ಬಾವಿಗಳು ಹೋದ್ವು.” ಶಾಲಿನ ತುದಿ ಸರಿಪಡಿಸಿಕೊಂಡಳು. “ನಾನೇ ತಾನೇ ಅವನಿಗೆ ಹನ್ನೊಂದು ವರ್ಷ ಇದನ್ನ ಪಾಠ ಮಾಡಿದ್ದು. ಈಗ ಬಾ ಅಂತ ಯಾವ ಬಾಯಲ್ಲಿ ಕರೀಲಿ?”

ಆ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಕರೆಂಟು ಏರುಪೇರಾಗಿ ಕಂಪ್ಯೂಟರಿನ ಪೆನ್ ಡ್ರೈವ್ ಚುಚ್ಚುವ ಕಿಂಡಿಗಳೆಲ್ಲ ಸುಟ್ಟುಹೋಗಿದ್ದವು. ಪರದೆ ಮಾತ್ರ ಬೆಳಗುತ್ತಿತ್ತು. ಯಾರ ಕೈಯಲ್ಲೂ ಏನನ್ನೂ ಕಳಿಸುವ ಹಾಗಿರಲಿಲ್ಲ. ಫೈಲ್ ಅಲ್ಲೇ ಇದೆ, ಕಣ್ಣಿಗೆ ಕಾಣುತ್ತದೆ, ಹೊರಗೆ ಬರುವುದಿಲ್ಲ.

ನಾನು ಕಲ್ಲುಮನಸ್ಸಿನವಳೆಂದು ಹೆಸರಾದವಳು. ಆದರೂ ಆ ದಿನ ನಮೂನೆಯ ಕಾಗದದ ಮೇಲೆ ‘ತಿರಸ್ಕೃತ’ ಎಂದು ಬರೆಯಲಿಲ್ಲ. “ಪರದೇಲಿ ಕಾಣತ್ತೆ ಅಂದ್ರಲ್ಲ, ಒಂದೊಂದೇ ಪುಟದ ಫೋಟೋ ಹೊಡ್ದು ಕಳಿಸೋಕೆ ಹೇಳಿ. ನೀವು ಟೈಪ್ ಮಾಡ್ಕೊಳ್ಳಿ” ಎಂದೆ.

ಆಕೆ ನನ್ನನ್ನೇ ನೋಡಿದಳು. “ಎರಡು ವರ್ಷದಿಂದ ಇದು ನನ್ ತಲೆಗೆ ಹೊಳೀಲಿಲ್ಲ ನೋಡಿ.”

“ನಿಮ್ ತಲೇಲಿ ನೀರಿದೆ. ನನ್ ತಲೇಲಿ ಪುಟ ಮಾತ್ರ.”

ನವೆಂಬರಿನಲ್ಲಿ ಫೋಟೋಗಳು ಬರತೊಡಗಿದವು. ಮನೆಯ ಹತ್ತಿರ ಫೋನಿಗೆ ಸಂಪರ್ಕ ಸಿಗುತ್ತಿರಲಿಲ್ಲ. ಮಕಾರ್ ಪಾಳಿ ಮುಗಿಸಿ ಬಂದು ಐದಾರು ಪುಟದ ಫೋಟೋ ತೆಗೆದು, ಗಣಿಯ ಮಣ್ಣು ಸುರಿದು ಬೆಳೆದ ಕರಿಗುಡ್ಡದ ಅರ್ಧ ಹತ್ತಿ, ಅಲ್ಲಿಂದ ಕಳಿಸಿ, ಕಳಿಸಿದ್ದನ್ನು ಫೋನಿನಿಂದ ಅಳಿಸಿ ಇಳಿಯುತ್ತಿದ್ದ. ಊರು ಆ ಕಡೆಯವರ ಕೈಯಲ್ಲಿತ್ತು; ದಾರಿಯಲ್ಲಿ ಫೋನು ಕೇಳಿ ತಡಕುವ ಬಂದೂಕಿನವರಿದ್ದರು.

ಲೀದಿಯಾಳ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಮಧ್ಯಾಹ್ನ ತರಗತಿ ಮುಗಿಸಿ ನನ್ನ ಕೋಣೆಯ ಎರಡನೆಯ ಮೇಜಿಗೆ ಬರುತ್ತಿದ್ದಳು. ಫೋಟೋ ತೆರೆದು ಟೈಪು ಮಾಡುವಳು. ನನ್ನ ಕಿವಿಗೆ ಕೀಲಿಗಳ ಸದ್ದು ಅಭ್ಯಾಸವಾಯಿತು. ಆ ಸದ್ದು ಎಷ್ಟೋ ಹೊತ್ತು ನಿಂತುಬಿಡುತ್ತಿತ್ತು. ಒಂದು ದಿನ ಎದ್ದು ಹೋಗಿ ಬೆನ್ನ ಹಿಂದಿನಿಂದ ನೋಡಿದೆ. ಆಕೆ ಅಕ್ಷರಗಳನ್ನು ನೋಡುತ್ತಿರಲಿಲ್ಲ. ಫೋಟೋದ ಒಂದು ಮೂಲೆಯನ್ನು ದೊಡ್ಡದು ಮಾಡಿಕೊಂಡಿದ್ದಳು. ಕಂಪ್ಯೂಟರಿನ ಗಾಜಿನಲ್ಲಿ ಹಿಂದಿನ ಕೋಣೆ ಮಂಕಾಗಿ ಬಿದ್ದಿತ್ತು. ಕಿಟಕಿಯ ಹೂವಿನ ಪರದೆ, ಅಲಮಾರು, ಅದರ ಮೇಲೊಂದು ಗಡಿಯಾರ, ಮಧ್ಯೆ ಫೋನು ಹಿಡಿದ ಗಂಡಸಿನ ನೆರಳು. ಮುಖವಿರಬೇಕಾದ ಕಡೆ ಫೋನಿತ್ತು.

“ಗಡಿಯಾರ ನೋಡಿ” ಎಂದಳು. “ಹನ್ನೆರಡು ಫೋಟೋದಲ್ಲೂ ನಾಲ್ಕೂ ಹತ್ತು. ನಿಂತೇಹೋಗಿದೆ. ಒಂದು ಸೆಲ್ ಹಾಕೋಕೆ ಆಗಲ್ಲ ಈ ಮನುಷ್ಯನಿಗೆ.”

“ಪರದೆ ಒಗ್ದಿರೋ ಹಾಗಿದೆಯಲ್ಲ.”

“ಎಲ್ಲಿ ಒಗೀತಾನೆ? ಅದರ ಬಣ್ಣ ನೀಲಿ, ಝೋಯಾ ಮಾರ್ಕಿವ್ನಾ. ಇಲ್ಲಿ ನೋಡಿದ್ರೆ ಬೂದು.”

ಒಂದು ಪುಟಕ್ಕೆ ಹತ್ತು ನಿಮಿಷ ಸಾಕು. ಆಕೆಗೆ ಒಂದು ಗಂಟೆ ಹಿಡಿಯುತ್ತಿತ್ತು. ನಾನು ಅವಸರ ಮಾಡಲಿಲ್ಲ. ಯಾವುದೋ ಪುಟದಲ್ಲಿ ಅವನು ಫೋನನ್ನು ಸ್ವಲ್ಪ ಓರೆ ಹಿಡಿದಿದ್ದ. ಗಾಜಿನಲ್ಲಿ ಗಲ್ಲ, ಮೂರು ದಿನದ ಗಡ್ಡ, ಅರ್ಧ ಬಾಯಿ ಕಾಣುತ್ತಿತ್ತು. ಆ ದಿನ ಒಂದು ಸಾಲೂ ಟೈಪಾಗಲಿಲ್ಲ. ಹೋಗುವಾಗ “ತೆಳ್ಳಗಾಗಿದಾನೆ” ಎಂದಷ್ಟೇ ಹೇಳಿ ಶಾಲು ಸುತ್ತಿಕೊಂಡು ಹೊರಟಳು.

ಹೊಸ ವರ್ಷ ಕಳೆದ ಮೇಲೆ ಮೊದಲ ಭಾಗ ಮುಗಿಯಿತು. ಎರಡನ್ನೂ ಒಂದು ಫೈಲಿಗೆ ತರುವ ದಿನ ಬಂತು. ತಾನೇ ಜೋಡಿಸುತ್ತೇನೆಂದು ಎರಡನೆಯ ಭಾಗವನ್ನು ಪೂರ್ತಿ ಎತ್ತಿ ಮೊದಲನೆಯದರ ಬಾಲಕ್ಕೆ ಅಂಟಿಸಿದಳು. ಸ್ವಲ್ಪ ಹೊತ್ತಿಗೆ ಒಂದು ಸಣ್ಣ ಕೂಗು ಕೇಳಿತು.

“ಎಂಬತ್ತೇಳು ಇಲ್ಲ!”

ಹೋಗಿ ನೋಡಿದೆ. ಮೊದಲ ಭಾಗ ಎಪ್ಪತ್ತೊಂಬತ್ತಕ್ಕೆ ಮುಗಿದಿತ್ತು. ಎರಡನೆಯದು ಸುಮ್ಮನೆ ಎಂಬತ್ತು ಎಂದು ಮುಂದುವರಿದಿತ್ತು. ನೋಡುವವರಿಗೆ ಏನೂ ಕೊರತೆ ಕಾಣದು. ಬೇರೆ ಯಾರದ್ದೇ ಪ್ರಬಂಧವಾಗಿದ್ದರೆ ನಾನು ಆಗಲೇ ಮೊಹರು ಒತ್ತಿ ಕಳಿಸುತ್ತಿದ್ದೆ.

“ಸಂಖ್ಯೆ ಹಾಳೆಯಲ್ಲಿ ಇರಲ್ಲ” ಎಂದು ವಿವರಿಸಿದೆ. “ಭಾಗದ ಕೊನೇಲಿ ಕಣ್ಣಿಗೆ ಕಾಣದ ಒಂದು ಗೆರೆ ಇರುತ್ತೆ, ಅದು ನೆನಪಿಟ್ಕೊಳ್ಳೋದು. ನೀವು ಬರೀ ಮಾತು ಎತ್ಕೊಂಡು ಬಂದ್ರಿ, ಗೆರೆ ಅಲ್ಲೇ ಬಿಟ್ರಿ. ಇಲ್ಲಿಗೆ ಬಂದ ಮೇಲೆ ಇಲ್ಲೀ ಮನೆ ಲೆಕ್ಕ ಹಿಡೀತು.”

“ಮತ್ತೆ ತರಿಸ್ಬಹುದಾ?”

“ತರಿಸೋಣ.” ಎಪ್ಪತ್ತೊಂಬತ್ತರ ಕೊನೆಯಲ್ಲಿ ಹೊಸ ಭಾಗದ ಗೆರೆ ಹಾಕಿದೆ. ಅದರ ಮುಂದಿನ ಪುಟದಲ್ಲಿ ಸಂಖ್ಯೆಯ ಜಾಗಕ್ಕೆ ಹೋಗಿ, ‘ಹಿಂದಿನದಕ್ಕೆ ಜೋಡಿಸು’ ಎಂಬುದನ್ನು ಬಿಡಿಸಿದೆ. ಅದನ್ನು ಬಿಡಿಸದೆ ಎಷ್ಟೋ ಜನ ದಿನಗಟ್ಟಲೆ ಒದ್ದಾಡುತ್ತಾರೆ. ಒಂದು ಕಡೆ ಬದಲಿಸಿದರೆ ಇನ್ನೊಂದು ಕಡೆಯೂ ಬದಲಾಗುತ್ತದೆ. ಆಮೇಲೆ ಸಂಖ್ಯೆಯ ನಮೂನೆ ತೆರೆದು ‘ಇಲ್ಲಿಂದ ಶುರು ಮಾಡು’ ಎನ್ನುವಲ್ಲಿ ಎಂಬತ್ತೇಳು ಒತ್ತಿದೆ. ಹಾಳೆಯ ಮೇಲೆ ಎಂಬತ್ತೇಳು ಬಂತು. ಲೀದಿಯಾ ಉಸಿರು ಬಿಟ್ಟಳು.

“ಈಗ ನೋಡಿ, ಎಪ್ಪತ್ತೊಂಬತ್ತಾದ ಮೇಲೆ ಎಂಬತ್ತೇಳು” ಎಂದೆ. “ನಡುವೆ ಏಳು ಪುಟ ಎಲ್ಲಿ?”

ಆಕೆ ಬೆರಳು ಮಡಿಸಿ ಎಣಿಸಿದಳು. ಫೋಟೋಗಳನ್ನು ಮತ್ತೆ ಹಿಂದಿನಿಂದ ತಿರುವಿದಳು. ಎಲ್ಲೆಲ್ಲಿ ಬಾವಿಗಳ ಕೋಷ್ಟಕ ಇರಬೇಕಿತ್ತೋ ಅಲ್ಲಲ್ಲಿ ಪುಟವೇ ಹಾರಿಹೋಗಿತ್ತು. ನಲವತ್ತರ ನಂತರ ಮೂರು, ಎಪ್ಪತ್ತರ ಹತ್ತಿರ ನಾಲ್ಕು.

ಭಾನುವಾರ ಮಧ್ಯಾಹ್ನ ಅವನು ಫೋನು ಮಾಡುವ ಹೊತ್ತು. ಕೀಲಿಕೈ ನನ್ನ ಹತ್ತಿರವೇ ಇರುವುದರಿಂದ ಕಚೇರಿ ತೆರೆದುಕೊಟ್ಟೆ. ಆಕೆ ಫೋನನ್ನು ಮೇಜಿನ ಮೇಲಿಟ್ಟು, ನನಗೂ ಕೇಳುವಂತೆ ಮಾಡಿದಳು. ಗುಡ್ಡದ ಗಾಳಿ ಬುರ್ರೆನ್ನುತ್ತಿತ್ತು.

“ಮಕಾರ್, ಏಳು ಪುಟ ಎಲ್ಲೋ?”

“ಯಾವ ಏಳು?”

“ಗೊತ್ತಿಲ್ದೋನ ಥರ ಆಡ್ಬೇಡ. ಕೋಷ್ಟಕ ಇರೋವು.”

ಗಾಳಿಯ ಸದ್ದು ಕಡಿಮೆಯಾಯಿತು, ಬೆನ್ನು ತಿರುಗಿಸಿ ನಿಂತನೇನೋ. ಆಮೇಲೆ ತಗ್ಗಿದ ದನಿ. “ಅದ್ರಲ್ಲಿ ಊರಿನ ಹೆಸರು, ಗಣಿ ನಂಬರು ಎಲ್ಲಾ ಇದೆ ಕಣೆ ಲೀದಾ. ಮೊನ್ನೆ ನಮ್ ಗಣಿ ಪೇತ್ರೋನ ಫೋನು ದಾರೀಲಿ ಕಿತ್ಕೊಂಡು ನೋಡಿದ್ರು. ಅವನ ಮಗಳ ಮದುವೆ ಫೋಟೋದಲ್ಲೇ ಅರ್ಧ ದಿನ ಕೂರಿಸ್ಕೊಂಡ್ರು. ನಂದು ಸಿಕ್ರೆ ಪಂಪ್ ಯಾರು ನೋಡ್ತಾರೆ?”

ಲೀದಿಯಾ ಕಣ್ಣು ಮುಚ್ಚಿಕೊಂಡಳು. “ಸರಿ. ಬೇಡ. ಬೇಡವೇ ಬೇಡ.”

“ಬೇಡ ಅಂದ್ರೆ ಹ್ಯಾಗೆ? ಪ್ರಬಂಧ?”

“ಪ್ರಬಂಧ ಹಾಳಾಗ್ಲಿ.”

“ಹನ್ನೊಂದು ವರ್ಷ ನಾನು ಬಕೀಟು ಹೊತ್ಕೊಂಡು ನಿನ್ನ ಹಿಂದೆ ಬಾವಿ ಬಾವಿ ಸುತ್ತಿದ್ದೀನಿ. ಹಾಳಾಗ್ಲಿ ಅಂತಾಳೆ.” ಹತ್ತಿರದಲ್ಲಿ ಯಾರದೋ ಹೆಜ್ಜೆಯ ಸದ್ದು. ಆಮೇಲೆ ದನಿ ಬದಲಾಯಿತು, ಜೋರಾಯಿತು. “ಲೀದಾ, ನಿನ್ನ ಅತ್ತೇರೆಲ್ಲ ಉಪ್ಪಿನಕಾಯಿ ಹಾಕಿದ್ರಲ್ಲ, ಯಾರ್ಯಾರು ಎಷ್ಟೆಷ್ಟು ಜಾಡಿ ಹಾಕಿದ್ರು ಅಂತ ಕೇಳ್ತಿದ್ದೆ ಅಲ್ವಾ?”

“ಯಾವ ಅತ್ತೇರು?” ಎಂದಳು ಲೀದಿಯಾ.

ನಾನು ಮೊಣಕೈಯಿಂದ ತಿವಿದೆ.

“ಒಂದನೇ ಅತ್ತೆ” ಎಂದ ಮಕಾರ್, “ಹದಿನೆಂಟು ಜಾಡಿ. ಉಪ್ಪು ಎರಡೂವರೆ.”

ಬಾವಿಯ ಸಂಖ್ಯೆ, ನೀರಿನ ಆಳ, ಲೀಟರಿಗೆ ಉಪ್ಪು. ಆಕೆಗೆ ಅರ್ಥವಾದ ಕ್ಷಣ ನನಗೆ ಕಂಡಿತು. ಕಣ್ಣು ತೆರೆದು, ಕೀಲಿಗಳ ಮೇಲೆ ಕೈ ಇಟ್ಟಳು. ಒಟ್ಟು ನೂರ ಮೂವತ್ತೊಂದು ಬಾವಿ. ಮಕಾರ್ ಪ್ರತಿ ವಾರ ಇಪ್ಪತ್ತರಷ್ಟನ್ನು ಪರದೆ ನೋಡಿ ಬಾಯಿಪಾಠ ಮಾಡಿಕೊಂಡು ಗುಡ್ಡ ಹತ್ತುತ್ತಿದ್ದ. ಕಾಗದ ಇಟ್ಟುಕೊಳ್ಳುತ್ತಿರಲಿಲ್ಲ. ಊರ ಹೆಸರುಗಳು ಆಕೆಗೆ ನೆನಪಿದ್ದವು, ಅವನ್ನು ಹೇಳಬೇಕಿರಲಿಲ್ಲ.

ಜನವರಿಯಿಂದ ಮಾರ್ಚಿನವರೆಗೆ ನನ್ನ ಭಾನುವಾರಗಳು ಹೀಗೆ ಕಳೆದವು. ನಾನು ಬಟಾಣಿ ಸಾರೋ ಆಲೂಗಡ್ಡೆ ಕಡುಬೋ ಡಬ್ಬಿಯಲ್ಲಿ ತರುತ್ತಿದ್ದೆ. ಗುಡ್ಡದ ಮೇಲೆ ಫೋನಿಗಾಗಿ ಬರುವ ಹೆಂಗಸರೂ ಇದ್ದರು, ಅವರ ಮಾತೂ ಕೇಳುತ್ತಿತ್ತು. ಒಬ್ಬಳು ಒಂದು ದಿನ, “ಏನಪ್ಪಾ ಮಕಾರ್, ನಿನ್ ಹೆಂಡ್ತಿಗೆ ಎಷ್ಟು ಜನ ಅತ್ತೇರಿದಾರೆ?” ಎಂದಳು.

“ಅದನ್ನೇ ನಾನೂ ಕೇಳ್ತಿರೋದು, ಎಪ್ಪತ್ತನಾಲ್ಕನೇ ಅತ್ತೆ ತನಕ ಬಂದಿದೀನಿ” ಎಂದ ಅವನು.

“ಒಬ್ಬ ಅತ್ತೇನೇ ನಂಗೆ ಸಾಕಾಗಿತ್ತು!”

ಈ ಕಡೆ ಲೀದಿಯಾ ಬಾಯಿಗೆ ಶಾಲು ಒತ್ತಿಕೊಂಡು ನಗುತ್ತಿದ್ದಳು. ನಕ್ಕು ಮುಗಿದ ಮೇಲೂ ಶಾಲು ತೆಗೆಯಲಿಲ್ಲ.

ಲೆಕ್ಕ ಮುಗಿದ ಮೇಲೆ ಎರಡು ನಿಮಿಷ ಅವರದ್ದೇ ಮಾತು. ನಾನು ಕಿಟಕಿ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ದೊಡ್ಡ ಮಾತೇನೂ ಇರುತ್ತಿರಲಿಲ್ಲ. ಬೂಟು ಸೋರುತ್ತಾ? ಸೋರುತ್ತೆ. ಹೊಸದು ತಗೋ. ತಗೋತೀನಿ. ಯಾವಾಗ? ನೀನು ಬಂದಾಗ. ಆಮೇಲೆ ಇಬ್ಬರೂ ಸುಮ್ಮನೆ. ಗಾಳಿಯ ಸದ್ದನ್ನು ಕೇಳಿಸಿಕೊಂಡು ಒಬ್ಬ ಹೆಂಗಸು ಅಷ್ಟು ಹೊತ್ತು ಕೂರಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಮದುವೆಯಾಗದ ನನಗೆ ಆ ದಿನಗಳಲ್ಲಿ ಮನೆಗೆ ಹೋದ ಮೇಲೆ ರೇಡಿಯೋ ಹಾಕಬೇಕೆನ್ನಿಸುತ್ತಿತ್ತು.

ಏಪ್ರಿಲ್ ಹತ್ತನೆಯ ತಾರೀಖು ಪ್ರಬಂಧ ಸಲ್ಲಿಸುವ ಕೊನೆಯ ದಿನ. ಎಂಟರಂದು ಕೋಷ್ಟಕಗಳೆಲ್ಲ ತಮ್ಮ ಜಾಗದಲ್ಲಿ ಕೂತವು. ಮೊದಲ ಭಾಗ ಎಂಬತ್ತೈದಕ್ಕೆ ಬಂದು ನಿಂತಿತು. ಮುಂದಿನ ಹಾಳೆ ಎಂಬತ್ತೇಳು.

“ಒಂದು ಪುಟ ಇನ್ನೂ ಇದೆ ಅವನ ಹತ್ರ” ಎಂದಳು ಲೀದಿಯಾ. ಮುಖ ಬೆಳಗಿತು.

ನಾನು ಮೊದಲಿಂದ ಕೊನೆಯವರೆಗೆ ಪುಟ ಪುಟವಾಗಿ ಫೋಟೋಗಳ ಜೊತೆ ಹೋಲಿಸಿದೆ. ಎರಡು ದಿನ ಬೇರೆ ಯಾರ ಕೆಲಸವನ್ನೂ ಮುಟ್ಟಲಿಲ್ಲ. ಯಾವ ಸಾಲೂ ಕಳೆದಿರಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಏಳು ಪುಟ ಹಿಡಿದಿದ್ದ ಕೋಷ್ಟಕದ ಸಾಲುಗಳು ಇಲ್ಲಿ ಬಿಗಿಯಾಗಿ ಆರು ಪುಟದಲ್ಲಿ ಕೂತಿದ್ದವು. ಅಷ್ಟೇ. ನೂರ ಮೂವತ್ತೊಂದು ಸಾಲು ಒಂದೊಂದು ಕೂದಲೆಳೆಯಷ್ಟು ಹತ್ತಿರ ಸರಿದರೆ ಒಂದು ಪುಟ ಕಡಿಮೆಯಾಗುತ್ತದೆ.

“ಎಂಬತ್ತಾರನೇ ಪುಟ ಇಲ್ಲ, ಲೀದಿಯಾ ಪಾವ್ಲಿವ್ನಾ” ಎಂದೆ. “ಎಲ್ಲಾ ಬಂದಿದೆ.”

“ಇರ್ಬೇಕು.”

“ಇಲ್ಲ.”

“ನೀವು ಇನ್ನೊಂದ್ಸಲ ನೋಡಿ.”

“ಮೂರು ಸಲ ನೋಡಿದೀನಿ.”

ಆಕೆ ಎದ್ದು ಕಿಟಕಿಯವರೆಗೆ ಹೋಗಿ ಬಂದಳು. “ಖಾಲಿ ಹಾಳೆ ಒಂದು ಬಿಡೋಣ. ಎಂಬತ್ತಾರು ಅಂತ.”

“ಖಾಲಿ ಹಾಳೆ ಇದ್ರೆ ಸಮಿತಿಯವರು ವಾಪಸ್ ಕಳಿಸ್ತಾರೆ. ನಾನೇ ಕಳಿಸ್ತಿದ್ದೆ.”

“ಎರಡೂಮುಕ್ಕಾಲು ವರ್ಷ ಆಯ್ತು” ಎಂದಳು. ದನಿ ಸಣ್ಣದಾಗಿತ್ತು. “ದಿನಾ ಬೆಳಿಗ್ಗೆ ಈ ಫೈಲ್ ತೆಗೀತಿದ್ದೆ. ಕೆಲಸ ಏನೂ ಮಾಡ್ತಿರ್ಲಿಲ್ಲ. ಎಂಬತ್ತೇಳು ಅಂತ ನೋಡಿ ಮುಚ್ತಿದ್ದೆ. ಇದಕ್ಕೆ ಮುಂಚಿನದು ಅಲ್ಲಿದೆ, ಮನೇಲಿದೆ, ಅವನ ಹತ್ರ ಇದೆ ಅಂತ. ಈಗ ಅಲ್ಲಿ ನನ್ನದು ಏನೂ ಉಳಿಯಲ್ವಲ್ಲ, ಝೋಯಾ ಮಾರ್ಕಿವ್ನಾ.”

ನನಗೆ ಬರುವ ಮಾತುಗಳೆಲ್ಲ ಅಂಚು, ಅಂತರ, ಸಂಖ್ಯೆಗೆ ಸಂಬಂಧಪಟ್ಟವು. “ಅವನು ಉಳಿದಿದಾನಲ್ಲ” ಎಂದೆ ಕೊನೆಗೆ. ಎಂಥ ಒರಟು ಮಾತು. ಆದರೆ ಆಕೆ ತಲೆ ಆಡಿಸಿದಳು, ಹೌದು ಎಂಬಂತೆ. ಬಂದು ಕುಳಿತು, ಎಂಬತ್ತೇಳರ ಮೇಲೆ ತಾನೇ ಒತ್ತಿ, ನಮೂನೆ ತೆರೆದು, ‘ಹಿಂದಿನ ಭಾಗದಿಂದ ಮುಂದುವರಿಸು’ ಎಂಬುದನ್ನು ಆರಿಸಿದಳು. ಎಂಬತ್ತೇಳು ಎಂಬತ್ತಾರಾಯಿತು. ಅದರ ಹಿಂದೆ ಇದ್ದ ನೂರಿಪ್ಪತ್ತು ಪುಟಗಳೂ ಒಂದೊಂದು ಹೆಜ್ಜೆ ಮುಂದೆ ಸರಿದವು. ಪರಿವಿಡಿಯನ್ನು ಹೊಸದು ಮಾಡಿ ನಾನು ಮೊಹರು ಒತ್ತಿದೆ.

ಜೂನಿನಲ್ಲಿ ಆಕೆ ಪಂಡಿತರೆದುರು ಪ್ರಬಂಧ ಮಂಡಿಸಿ ಪದವಿ ಪಡೆದಳು. ಆ ದಿನ ಮಕಾರ್ ಗುಡ್ಡದ ಮೇಲೆ ಎರಡು ಗಂಟೆ ಫೋನು ಹಿಡಿದು ಕೂತಿದ್ದನಂತೆ. ಸಭಾಂಗಣದ ಗೋಡೆ ದಪ್ಪ, ಅವನಿಗೆ ಚಪ್ಪಾಳೆಯಷ್ಟೇ ಕೇಳಿಸಿದ್ದು. “ಸಾಕು, ಅದೇ ಮುಖ್ಯವಾದದ್ದು” ಎಂದನಂತೆ.

ಅಕ್ಟೋಬರಿನಲ್ಲಿ ಅವನಿಗೆ ರಜೆ ಸಿಕ್ಕಿತು. ಸುತ್ತು ದಾರಿಯಲ್ಲಿ, ಗಡಿಯ ತಪಾಸಣೆ ದಾಟಿ, ಮೂರು ಬಸ್ಸು ಬದಲಾಯಿಸಿ, ಇಪ್ಪತ್ತೊಂಬತ್ತು ಗಂಟೆ ಪ್ರಯಾಣ ಮಾಡಿ ಬಂದ. ಹನ್ನೊಂದು ದಿನ ಇದ್ದ. ನಾನು ಅಂದುಕೊಂಡದ್ದಕ್ಕಿಂತ ಗಿಡ್ಡ ಮನುಷ್ಯ. ಉಗುರಿನ ಸಂದಿಯಲ್ಲಿ ಹೋಗದ ಕಪ್ಪು. ನನ್ನ ಕೋಣೆಗೆ ಬಂದು ಟೋಪಿ ತೆಗೆದು ನಿಂತ.

“ಪೊಲೀಸಮ್ಮ ಅಂದ್ರೆ ನೀವೇನಾ? ದಪ್ಪಗಿರ್ತೀರ ಅಂದ್ಕೊಂಡಿದ್ದೆ.”

“ನೀವು ಎತ್ತರ ಇರ್ತೀರ ಅಂದ್ಕೊಂಡಿದ್ದೆ.”

“ಗುಡ್ಡದ ಮೇಲೆ ಇದ್ದೆನಲ್ಲ, ಅದಕ್ಕೇ” ಎಂದು ನಕ್ಕ.

ಹೆಂಡತಿ ಪಾಠ ಮಾಡುವ ಹೊತ್ತಿನಲ್ಲಿ ಅವನು ಎರಡನೆಯ ಮೇಜಿನಲ್ಲಿ ಕೂತು ಪ್ರಬಂಧ ಓದುತ್ತಿದ್ದ. ಬೆರಳಿಟ್ಟು, ಸಾಲು ಸಾಲಾಗಿ. ನಲವತ್ತೊಂದನೆಯ ಪುಟದಲ್ಲಿ ನಿಂತು ನನ್ನ ಹತ್ತಿರ ಪೆನ್ಸಿಲ್ ಕೇಳಿದ. ಕೋಷ್ಟಕದ ಅಂಚಿನಲ್ಲಿ ಸಣ್ಣಗೆ ಸಂಖ್ಯೆ ಬರೆಯತೊಡಗಿದ. ಗ್ರಂಥಾಲಯದ ಪ್ರತಿಯ ಮೇಲೆ ಯಾರೂ ಬರೆಯಬಾರದು. ನಾನು ಪೆನ್ಸಿಲನ್ನು ವಾಪಸು ಕೇಳಲಿಲ್ಲ.

“ಪಕ್ಕದ ಗಣಿ ಪಂಪ್ ಹೋದ ವರ್ಷವೇ ನಿಲ್ಸಿದ್ರು” ಎಂದ, ತಲೆಯೆತ್ತದೆ. “ಈ ಆರು ಬಾವಿ ನೀರು ಎರಡು ಮೀಟರ್ ಮೇಲೆ ಬಂದಿದೆ. ಉಪ್ಪು ಜಾಸ್ತಿ. ಅವಳಿಗೆ ಹೇಳಿಲ್ಲ. ಹೋಗೋ ಮುಂಚೆ ಹೇಳ್ತೀನಿ.”

“ನಿಮ್ಮ ಪಂಪು?”

“ಓಡ್ತಿದೆ. ಈಗ ರಜೇಲಿ ಪೇತ್ರೋ ನೋಡ್ಕೋತಿದಾನೆ. ಅವನಿಗೆ ಅದರ ಕೆಮ್ಮು ಗೊತ್ತಿಲ್ಲ.” ಅಷ್ಟು ಹೇಳಿ ಕಿಟಕಿಯ ಕಡೆ ನೋಡಿದ. ಆಗ ನನಗೆ ಗೊತ್ತಾಯಿತು, ಅವನು ಉಳಿಯುವವನಲ್ಲ. ಲೀದಿಯಾಗೆ ಮೊದಲಿಂದಲೂ ಗೊತ್ತಿತ್ತು. ಆ ಹನ್ನೊಂದು ದಿನ ಆಕೆ ಒಮ್ಮೆಯೂ ‘ಇರು’ ಎಂದು ಕೇಳಲಿಲ್ಲವಂತೆ. ಕೇಳಿದ್ದರೆ ಇದ್ದುಬಿಡುತ್ತಿದ್ದ ಎಂದು ಆಮೇಲೊಮ್ಮೆ ಹೇಳಿದಳು.

ಹೊರಟ ದಿನ ಬೆಳಿಗ್ಗೆ ಏಳಕ್ಕೆ ಬಸ್ಸು. ನನ್ನನ್ನೂ ಕರೆದಿದ್ದಳು. ಒಬ್ಬಳೇ ವಾಪಸು ನಡೆಯಲು ಇಷ್ಟವಿರಲಿಲ್ಲವೋ ಏನೋ. ಬಸ್ಸಿನ ಬಾಗಿಲಲ್ಲಿ ಮಕಾರ್ ಆಕೆಯ ಶಾಲನ್ನು ಕುತ್ತಿಗೆಗೆ ಬಿಗಿದು ಸುತ್ತಿದ, ಮತ್ತೆ ಬಿಚ್ಚಿ ಮತ್ತೆ ಸುತ್ತಿದ. ಚಾಲಕ, “ಅಣ್ಣ, ಹತ್ತು, ಇಲ್ಲಾಂದ್ರೆ ಅತ್ತಿಗೇನೂ ಹತ್ತಿಸ್ಕೋ” ಎಂದ. ಸುತ್ತಲಿದ್ದವರು ನಕ್ಕರು. ಅವನು ಹತ್ತಿದ.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಆಕೆ ಸ್ವಲ್ಪ ಹೊತ್ತು ನಿಂತಿದ್ದಳು.

“ಗಡಿ ಹತ್ರ ಎಷ್ಟು ಹೊತ್ತಿಗೆ ತಲುಪುತ್ತೆ?” ಎಂದು ಕೇಳಿದಳು.

“ನಾಳೆ ಬೆಳಿಗ್ಗೆ ಇರ್ಬೇಕು.”

“ಅಲ್ಲಿ ಕ್ಯೂ ಇರುತ್ತೆ.”

“ಇರುತ್ತೆ.”

ಟ್ರಾಮ್ ಬರುವ ಸೂಚನೆಯಿರಲಿಲ್ಲ. ನಡೆದೇ ಹೊರಟೆವು. ಸೇತುವೆಯ ಹತ್ತಿರ ಆಕೆ ಚೀಲದಿಂದ ಕಾಗದದ ಒಂದು ಹಾಳೆ ತೆಗೆದು ನನಗೆ ತೋರಿಸಿದಳು. ಆರು ಬಾವಿಗಳ ಹೊಸ ಲೆಕ್ಕ, ಅವನ ದಪ್ಪ ಅಕ್ಷರದಲ್ಲಿ. ಇದರ ಮೇಲೆ ಲೇಖನವೊಂದನ್ನು ಬರೆಯಬೇಕು, ಬೇಗ ಬರೆಯಬೇಕು ಎಂದಳು. ನದಿಯ ಗಾಳಿಗೆ ಹಾಳೆ ಪಟಪಟನೆ ಬಡಿದುಕೊಂಡಿತು. ಎರಡೂ ಕೈಯಲ್ಲಿ ಅದನ್ನು ಮಡಚಿ ಒಳಗಿಟ್ಟುಕೊಂಡು, ವಿಭಾಗದ ಮೆಟ್ಟಿಲು ಬರುವವರೆಗೂ ಆಕೆ ಬಾವಿಗಳ ಬಗ್ಗೆಯೇ ಮಾತಾಡಿದಳು. ನಾನು ಹೂಂಗುಟ್ಟುತ್ತಿದ್ದೆ. ಬಾಗಿಲಲ್ಲಿ ಎಂಟು ಜನ ವಿದ್ಯಾರ್ಥಿಗಳು ಪ್ರಬಂಧ ಹಿಡಿದು ನನಗಾಗಿ ಕಾಯುತ್ತಿದ್ದರು.